ಬೇರಿನ ಗುಣವೂ ಅಳತೆಯ ವಿವೇಕವೂ

ಗಿಡಮೂಲಿಕೆಯಿಂದ ರೋಗ ವಾಸಿಯಾಗದಿದ್ದರೂ ಕೇಡಂತೂ ಆಗದೆಂಬ ಮಾತು ನಮ್ಮ ಜನರಲ್ಲಿ ಬಹುವಾಗಿ ಬಳಕೆಯಲ್ಲಿದೆ. ಇದಕ್ಕೆ ಪ್ರತಿಯಾಗಿ, ನಾರುಬೇರುಗಳಲ್ಲಿ ಸತ್ತ್ವವೇ ಇಲ್ಲವೆಂದು ಮೂಗು ಮುರಿಯುವವರೂ ಉಂಟು. ಈ ಎರಡು ನಂಬಿಕೆಗಳೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಸರ್ಪಗಂಧದ ಇತಿಹಾಸವೇ ಇದಕ್ಕೆ ಸಾಕ್ಷಿ.

ಪಶ್ಚಿಮಘಟ್ಟದಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಬೆಳೆಯುವ ಈ ಪುಟ್ಟ ಗಿಡದ ಬೇರನ್ನು ಹಿಂದಿನವರು ಹಾವಿನ ಕಡಿತಕ್ಕೂ ಬುದ್ಧಿಭ್ರಮಣೆಗೂ ಕೊಡುತ್ತಿದ್ದರು. ೧೯೩೧ರಲ್ಲಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿಯವರು ಇದರಿಂದ ಅಜ್ಮಲೀನ್ ಮೊದಲಾದ ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದರು. ಬೇರಿನ ಔಷಧದಿಂದ ರಕ್ತದ ಒತ್ತಡ ಇಳಿಯುವುದನ್ನು ಕುರಿತು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು ೧೯೪೯ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ರೆಸರ್ಪಿನ್ನನ್ನು ಶುದ್ಧರೂಪದಲ್ಲಿ ಪಡೆದರು. ೧೯೫೬ರಲ್ಲಿ ಅಮೆರಿಕದ ವುಡ್‌ವರ್ಡರು ಅದನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿ ತೋರಿಸಿದರು.

ರೆಸರ್ಪಿನ್ ಮಾಡುವುದೇನು? ನರಗಳ ತುದಿಯಲ್ಲಿರುವ ಸೂಕ್ಷ್ಮ ಸಂಚಿಗಳಲ್ಲಿ ನಾರ್‌ಅಡ್ರಿನಲಿನ್ ಮುಂತಾದ ದ್ರವ್ಯಗಳು ಶೇಖರವಾಗಿರುತ್ತವೆ. ನರದ ಸಂದೇಶವನ್ನು ಒಯ್ಯುವುವು ಇವೇ. ಅವು ಸಂಚಿಯನ್ನು ಹೊಗುವ ದಾರಿಯನ್ನು ರೆಸರ್ಪಿನ್ ಮುಚ್ಚುತ್ತದೆ. ಹೊರಗುಳಿದ ದ್ರವ್ಯ ಒಡೆದು ಹಾಳಾಗುತ್ತದೆ, ಸಂಚಿ ಬರಿದಾಗುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ಸಂದೇಶ ಕುಂದಿ, ಒತ್ತಡ ಇಳಿಯುತ್ತದೆ. ಆದರೆ ಅಂಥವೇ ಸಂಚಿಗಳು ಮಿದುಳಿನಲ್ಲಿಯೂ ಇವೆಯಷ್ಟೆ. ಆದುದರಿಂದಲೇ ಮಂಪರು ಕವಿಯುತ್ತದೆ. ಕೆಲವು ರೋಗಿಗಳಲ್ಲಿ ತೀವ್ರವಾದ ಖಿನ್ನತೆ ತಲೆದೋರಿದ ವರದಿಗಳೂ ೧೯೫೦ರ ದಶಕದಲ್ಲಿಯೇ ಬಂದವು. ದೇಹದ ಮೇಲೆ ಪರಿಣಾಮ ಮಾಡಬಲ್ಲ ವಸ್ತು ಉಪಕಾರವನ್ನು ಮಾತ್ರ ಮಾಡಬೇಕೆಂದು ಬಯಸುವುದು ಸಲ್ಲದು.

ಅದೇ ಬೇರಿನ ಅಜ್ಮಲೀನ್ ಹೃದಯದ ಬಡಿತದ ಲಯವನ್ನೇ ಬದಲಿಸಬಲ್ಲದು. ಬೇರಿನ ಪುಡಿಯನ್ನು ನುಂಗುವವನು ಇವೆಲ್ಲವನ್ನೂ ಒಟ್ಟಾಗಿ, ಅಳತೆಯರಿಯದೆ ನುಂಗುತ್ತಾನೆ. ನೆಲ, ಋತು, ಗಿಡದ ವಯಸ್ಸುಗಳಿಗೆ ತಕ್ಕಂತೆ ಆ ಅಳತೆಯೂ ಬದಲಾಗುತ್ತದೆ. ರೆಸರ್ಪಿನ್ನಾದರೋ ದಿನಕ್ಕೆ ಒಂದು ಮಿಲಿಗ್ರಾಮಿನ ಕಾಲು ಭಾಗದಷ್ಟಕ್ಕೇ ಕೆಲಸ ಮಾಡುವಂಥದು. ಇಷ್ಟು ತೀಕ್ಷ್ಣವಾದುದನ್ನು ಚಿಟಿಕೆಯ ಲೆಕ್ಕದಲ್ಲಿ ಕೊಡಬಹುದೆ? ಸತ್ತ್ವವನ್ನು ಬೇರ್ಪಡಿಸಿ ತೂಗುವುದು ಪರಂಪರೆಗೆ ಮಾಡುವ ಅವಮಾನವಲ್ಲ. ಅದರಲ್ಲಿ ನಿಜವಾದುದನ್ನು ಉಳಿಸಿಕೊಳ್ಳುವ ಮಾರ್ಗ. ರಕ್ತದೊತ್ತಡದ ವಿಷಯದಲ್ಲಿ ಬೇರು ಪರೀಕ್ಷೆಗೆ ನಿಂತಿತು. ಹಾವು ಕಡಿದವನಿಗೆ ಮಾತ್ರ ಬೇರನ್ನು ಅರೆಯುತ್ತ ಕೂರದೆ, ಪ್ರತಿವಿಷದ ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಒಯ್ಯಬೇಕು.

ಇಂದು ರಕ್ತದೊತ್ತಡಕ್ಕೆ ಬೇರೆ ಔಷಧಗಳು ಬಂದು ರೆಸರ್ಪಿನ್ನಿನ ಬಳಕೆ ವಿರಳವಾಗಿದೆ. ಗಿಡವೂ ವಿರಳವಾಗಿದೆ, ಬೇರಿಗಾಗಿ ಅಗೆದರೆ ಗಿಡವೇ ಹೋಯಿತಲ್ಲವೆ? ೧೯೯೦ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ.

ಮೂಲಿಕೆಯೊಂದನ್ನು ಯಾರಾದರೂ ಹೊಗಳಿದಾಗ, ಅದರಲ್ಲಿರುವ ವಸ್ತು ಯಾವುದು, ಪ್ರಮಾಣವೆಷ್ಟು, ಅದು ದೇಹದಲ್ಲಿ ಏನು ಮಾಡುತ್ತದೆ, ಪರೀಕ್ಷಿಸಿದವರು ಯಾರು ಎಂದು ನಮ್ಮ ವಿದ್ಯಾರ್ಥಿಗಳು ಕೇಳಬೇಕು. ತೆಗಳಿದಾಗಲೂ ಇವೇ ಪ್ರಶ್ನೆಗಳನ್ನು ಕೇಳಬೇಕು.