ತಟ್ಟೆಯ ನಡುವಿನ ಸಣ್ಣಕ್ಷರ

ಹರಾಜಿಗೆ ಬರುವ ಸಾಮಾನುಗಳಲ್ಲಿ ಕೆಲವಕ್ಕೆ ತಮ್ಮ ಗುಣದಿಂದ ಬೆಲೆ. ಕೆಲವಕ್ಕೆ ಒಡೆಯನ ಹೆಸರಿನಿಂದ ಬೆಲೆ. 1989ರಲ್ಲಿ ಕ್ರಿಸ್ಟೀಸ್ ಸಂಸ್ಥೆಯವರು ಹರಾಜಿಗಿಟ್ಟ ಒಂದು ಪೆಟ್ಟಿಗೆ ಈ ಎರಡನೆಯ ಜಾತಿಗೆ ಸೇರಿದುದು. ‘ಕೆ.ಬಿ. ಡಿಸ್ಕೊಮ್ಯಾಟಿಕ್’ ಎಂಬ ಜೂಕ್‌ಬಾಕ್ಸು ಅದು. ಕಾಸು ಹಾಕಿ ಹಾಡು ಕೇಳಲೆಂದು ಹೋಟೆಲಿನ ಮೂಲೆಯಲ್ಲಿ ಬೀರುವಿನಂತೆ ನಿಲ್ಲಿಸುವ ಯಂತ್ರವಲ್ಲ. ಎತ್ತಿಕೊಂಡು ಹೋಗಬಹುದಾದ ಚಿಕ್ಕದು. ನಲವತ್ತು ಗ್ರಾಮಫೋನ್ ತಟ್ಟೆಗಳನ್ನು ಒಡಲಲ್ಲಿರಿಸಿಕೊಂಡು, ಆರಿಸಿದ ಹಾಡನ್ನು ತಾನಾಗಿ ನುಡಿಸುವಂಥದು. 1965ರಲ್ಲಿ ಅದನ್ನು ಕೊಂಡವನು ‘ಬೀಟಲ್ಸ್’ ತಂಡದ ಜಾನ್ ಲೆನನ್. 1980ರ ಡಿಸೆಂಬರಿನಲ್ಲಿ ಆತ ನ್ಯೂಯಾರ್ಕಿನ ತನ್ನ ಮನೆಯ ಬಾಗಿಲಲ್ಲೇ ಗುಂಡೇಟಿಗೆ ಬಲಿಯಾದ ಮೇಲೆ, ಆತ ಮುಟ್ಟಿದ್ದೆಲ್ಲಕ್ಕೂ ಬೆಲೆ ಏರಿದ್ದ ಕಾಲ. ಆದರೂ ಬ್ರಿಸ್ಟಲ್ ನಗರದಲ್ಲಿ ಸಂಗೀತ ಕಾರ್ಯಕ್ರಮಗಳನ್ನು ಏರ್ಪಡಿಸುತ್ತಿದ್ದ ಜಾನ್ ಮಿಡ್‌ವಿಂಟರ್ ಎಂಬಾತನಿಗೆ ಆ ಪೆಟ್ಟಿಗೆ 2,500 ಪೌಂಡಿಗೆ ದಕ್ಕಿತು.

ಕೊಂಡವನು ಅದನ್ನು ಗಾಜಿನ ಕಪಾಟಿನೊಳಗೆ ಇಟ್ಟು ನೆಂಟರಿಷ್ಟರಿಗೆ ತೋರಿಸಿಕೊಂಡು ಸುಮ್ಮನಿರಬಹುದಾಗಿದ್ದಿತು. ಆತ ಹಾಗೆ ಮಾಡಲಿಲ್ಲ. ಪೆಟ್ಟಿಗೆಯೊಂದಿಗೆ ಲೆನನ್ನನ ಸ್ವಂತ ಕೈಬರಹದ ಹಾಡುಗಳ ಪಟ್ಟಿಯಿದ್ದಿತು. ಯಂತ್ರವನ್ನು ದುರಸ್ತಿ ಮಾಡಿದ ಮಿಡ್‌ವಿಂಟರ್ ಆ ಪಟ್ಟಿಯ ಬೆನ್ನುಹತ್ತಿ, ಒಂದೊಂದು ತಟ್ಟೆಯ ಪೂರ್ವಾಪರವನ್ನೂ ಅರಸುತ್ತ ವರ್ಷಗಳನ್ನು ಕಳೆದನು. 2004ರಲ್ಲಿ ಬ್ರಿಟನ್ನಿನ ‘ಸೌತ್ ಬ್ಯಾಂಕ್ ಷೋ’ ಎಂಬ ದೂರದರ್ಶನ ಮಾಲಿಕೆಯವರು ಇದರ ಮೇಲೊಂದು ಸಾಕ್ಷ್ಯಚಿತ್ರವನ್ನೇ ತೆಗೆದರು. ಆ ಹೊತ್ತಿಗೆ ಬದುಕುಳಿದಿದ್ದ ಮೂಲ ಕಲಾವಿದರಲ್ಲಿ ಕೆಲವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದರು.

ಒಬ್ಬ ಮನುಷ್ಯನ ಪುಸ್ತಕದ ಕಪಾಟನ್ನು ನೋಡಿದರೆ ಅವನ ಮನಸ್ಸು ತಿಳಿಯುವುದೆಂದು ಹೇಳುವುದುಂಟು. ಆದರೆ ಕಪಾಟಿನಲ್ಲಿ ತೋರಿಕೆಯ ಪುಸ್ತಕಗಳೂ ನಿಂತಿರುತ್ತವೆ. ನಲವತ್ತು ತಟ್ಟೆಗಳಿಗಷ್ಟೇ ಜಾಗವಿರುವ ಪೆಟ್ಟಿಗೆಯಲ್ಲಿ ತೋರಿಕೆಗೆ ಎಡೆಯೆಲ್ಲಿ? ಜಗತ್ತಿನ ಯಾವ ಸಂಗೀತವನ್ನಾದರೂ ಮನೆಗೆ ತರಿಸಿಕೊಳ್ಳಬಲ್ಲವನಾಗಿದ್ದ ಇಪ್ಪತ್ತೈದರ ತರುಣ ತುಂಬಿಕೊಂಡಿದ್ದುದು ಬಹುಪಾಲು ಅಮೆರಿಕದ ಕಪ್ಪು ಜನರ ಹಾಡುಗಳನ್ನು: ಡೆಟ್ರಾಯಿಟ್ಟಿನ ಸ್ಮೋಕಿ ರಾಬಿನ್ಸನ್ ಮತ್ತು ಅವನ ‘ಮಿರಕಲ್ಸ್’ ತಂಡ, ಬ್ಯಾರೆಟ್ ಸ್ಟ್ರಾಂಗ್, ಮೆಂಫಿಸ್‌ನಲ್ಲಿ ಹಾಡಿದ ಓಟಿಸ್ ರೆಡ್ಡಿಂಗ್ ಮತ್ತು ವಿಲ್ಸನ್ ಪಿಕೆಟ್, ಷಿಕಾಗೋದಲ್ಲಿ ಹಾಡಿದ ಫಾಂಟೆಲ್ಲಾ ಬಾಸ್, ಜೊತೆಗೆ ಲಿಟ್ಲ್ ರಿಚರ್ಡ್, ಲ್ಯಾರಿ ವಿಲಿಯಮ್ಸ್, ಚಕ್ ಬೆರಿ. ನಡುನಡುವೆ ಬಾಬ್ ಡಿಲನ್, ಡಾನವನ್ ಮೊದಲಾದ ಬಿಳಿಯರು. ಇವುಗಳಲ್ಲಿ ಹಲವು ‘ಸೋಲ್’ ಎಂಬ ವರ್ಗಕ್ಕೆ ಸೇರಿದುವು. ಇಗರ್ಜಿಯಲ್ಲಿ ದೇವರನ್ನು ಕೂಗಿ ಕರೆಯುತ್ತಿದ್ದ ಕಂಠ ಅದೇ ಆರ್ತತೆಯಿಂದ ನಲ್ಲೆಯನ್ನು ಕರೆದರೆ ಹುಟ್ಟುವ ಹಾಡು ಸೋಲ್. ಸೋಲಿಗೂ ಅದಕ್ಕೂ ಸಂಬಂಧವಿಲ್ಲ, ಇಂಗ್ಲಿಷಿನಲ್ಲಿ ಆತ್ಮವೆಂದು ಅರ್ಥ. 1966ರಲ್ಲಿ ಮೆಂಫಿಸ್‌ನ ಆ ಸ್ಟುಡಿಯೋಕ್ಕೇ ಹೋಗಿ ಬೀಟಲ್ಸ್ ತಂಡ ಹಾಡು ಮುದ್ರಿಸಬೇಕೆಂಬ ಯೋಚನೆ ನಡೆದು, ತಂಡದ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೀನ್ ಸ್ಥಳವನ್ನು ನೋಡಿಕೊಂಡೂ ಬಂದನು. ಅದು ಕೈಗೂಡಲಿಲ್ಲ.

ತಟ್ಟೆಗಳ ಸ್ವರೂಪವನ್ನು ಸ್ವಲ್ಪ ಹೇಳಬೇಕು. 1949ರಲ್ಲಿ ಆರ್.ಸಿ.ಎ. ವಿಕ್ಟರ್ ಸಂಸ್ಥೆ ಹೊರತಂದ ಏಳು ಅಂಗುಲದ, ನಿಮಿಷಕ್ಕೆ 45 ಸುತ್ತು ತಿರುಗುವ ವಿನೈಲ್ ತಟ್ಟೆ ಅದು. ಹಳೆಯ 78ರ ಅರಗಿನ ತಟ್ಟೆಯಂತೆ ಕೈಜಾರಿದರೆ ಚೂರಾಗುವುದಲ್ಲ. ಒಂದು ಮಗ್ಗುಲಿಗೆ ಮೂರು ನಿಮಿಷದ ಒಂದೇ ಹಾಡು. ನಡುವಿನ ದುಂಡು ಕಾಗದದ ಮೇಲೆ ಹಾಡಿನ ಹೆಸರು ದಪ್ಪಕ್ಷರದಲ್ಲಿ, ಹಾಡಿದವರ ಹೆಸರು ಅದಕ್ಕೆ ಸರಿಸಮನಾಗಿ. ಇವೆರಡಕ್ಕೂ ಅಡಿಯಲ್ಲಿ, ಸಾಮಾನ್ಯವಾಗಿ ಕಂಸದೊಳಗೆ, ಇರುವೆಯ ಸಾಲಿನಂಥ ಸಣ್ಣಕ್ಷರದಲ್ಲಿ ಹಾಡನ್ನು ರಚಿಸಿದವರ ಹೆಸರು. ಕೇಳುವವರು ಅದನ್ನು ಓದುವುದೇ ಇಲ್ಲ. ಹಣ ಮಾತ್ರ ಅದನ್ನು ತಪ್ಪದೆ ಓದುತ್ತದೆ.

ಅದು ಹೇಗೆಂಬುದಕ್ಕೆ ಪೆಟ್ಟಿಗೆಯೊಳಗಿನ ‘ಮೈ ಗರ್ಲ್’ ಹಾಡನ್ನೇ ನೋಡಬಹುದು. ಲೆನನ್ನನ ಬಳಿಯಿದ್ದುದು ಓಟಿಸ್ ರೆಡ್ಡಿಂಗ್ ಹಾಡಿದ ತಟ್ಟೆ. ಆದರೆ ಹಾಡನ್ನು ಕಟ್ಟಿದವರು ಸ್ಮೋಕಿ ರಾಬಿನ್ಸನ್ ಮತ್ತು ರೊನಾಲ್ಡ್ ವೈಟ್. 1964ರಲ್ಲಿ ಮೊದಲು ಹಾಡಿ ಅದನ್ನು ಮನೆಮನೆಗೆ ಮುಟ್ಟಿಸಿದವರು ‘ಟೆಂಪ್ಟೇಷನ್ಸ್’ ತಂಡದವರು. ರೆಡ್ಡಿಂಗನ ತಟ್ಟೆ ಮಾರಾಟವಾದಾಗ ರಚಿಸಿದ ಇಬ್ಬರಿಗೂ ಹಾಡಿನ ಪ್ರಕಾಶಕರಿಗೂ ಪಾಲು ಸಲ್ಲುವುದು. ಮೊದಲು ಹಾಡಿದವರಿಗೆ ಬಿಡಿಕಾಸೂ ಇಲ್ಲ. ಅಮೆರಿಕದ ರೇಡಿಯೋ ನಿಲಯಗಳು ತಟ್ಟೆ ಹಾಕಿದಾಗಲಂತೂ ರಚಿಸಿದವರಿಗೂ ಪ್ರಕಾಶಕರಿಗೂ ಮಾತ್ರ ಹಣ. ಗಂಟಲು ಹರಿದುಕೊಂಡವನಿಗೆ ಏನೂ ಇಲ್ಲ. ಹಾಡುವವನ ಕೀರ್ತಿ ದಪ್ಪಕ್ಷರದ್ದು, ಅನ್ನ ಸಣ್ಣಕ್ಷರದ್ದು. ಕನ್ನಡದ ದಾಸರು ಈ ವಿಷಯದಲ್ಲಿ ಜಾಣರು. ಅಂಕಿತವನ್ನು ಹಾಡಿನ ಕೊನೆಯ ನುಡಿಯೊಳಗೇ ನೇಯ್ದುಬಿಟ್ಟರು. ಯಾರು ಹಾಡಿದರೂ ಕಟ್ಟಿದವನ ಗುರುತು ಹಾಡಿನೊಡನೆಯೇ ಬರುವುದು. ಡೆಟ್ರಾಯಿಟ್ಟಿನ ಹಾಡಿನಲ್ಲಿ ಅಂಕಿತವಿದ್ದುದು ಕಾಗದದ ಮೇಲೆ. ಕಾಗದವನ್ನು ಬದಲಾಯಿಸಬಹುದು.

ಬದಲಾದುದಕ್ಕೆ ಪೆಟ್ಟಿಗೆಯಲ್ಲೇ ಸಾಕ್ಷಿಯಿದೆ. ಬ್ಯಾರೆಟ್ ಸ್ಟ್ರಾಂಗ್ ಹಾಡಿದ ‘ಮನಿ’, ಎಂದರೆ ‘ಹಣ’. 1959ರಲ್ಲಿ ಬೆರಿ ಗಾರ್ಡಿ ಎಂಬಾತ ತನ್ನ ಕುಟುಂಬದ ನಿಧಿಯಿಂದ 800 ಡಾಲರು ಸಾಲ ತೆಗೆದು ಡೆಟ್ರಾಯಿಟ್ಟಿನಲ್ಲಿ ಧ್ವನಿಮುದ್ರಣ ಸಂಸ್ಥೆಯೊಂದನ್ನು ಆರಂಭಿಸಿದನು. ಮುಂದೆ ‘ಮೋಟೌನ್’ ಎಂದು ಲೋಕವಿಖ್ಯಾತವಾದ ಸಂಸ್ಥೆಯ ಮೊಳಕೆ ಅದು. ಅದೇ ವರ್ಷ ಹದಿನೆಂಟರ ಹುಡುಗ ಸ್ಟ್ರಾಂಗ್ ಪಿಯಾನೋ ಬಡಿಯುತ್ತ ಈ ಹಾಡನ್ನು ಮುದ್ರಿಸಿದನು. ಸಂಸ್ಥೆಗೆ ಹೆಸರು ತಂದ ಮೊದಲ ಹಾಡು ಅದೇ. 1963ರಲ್ಲಿ ಬೀಟಲ್ಸ್ ತಮ್ಮ ಎರಡನೆಯ ದೊಡ್ಡ ತಟ್ಟೆಯ ಕಟ್ಟಕಡೆಗೆ ಇದನ್ನೇ ಇರಿಸಿಕೊಂಡರು. ಹಣ ಬೇಕು, ಹಣವೇ ಬೇಕು ಎಂದು ಲೆನನ್ ಅದರಲ್ಲಿ ಅರಚುವ ಬಗೆ ಮೂಲಕ್ಕಿಂತಲೂ ಕ್ರೂರವಾಗಿದೆ. ಅದು ಹೋದಲ್ಲೆಲ್ಲ ಕಂಸದೊಳಗಿದ್ದುದು ಗಾರ್ಡಿ ಮತ್ತು ಜೇನಿ ಬ್ರಾಡ್‌ಫರ್ಡ್ ಎಂಬವರ ಹೆಸರು.

ಈ ಹಾಡಿನ ಮುಖ್ಯ ಪಿಯಾನೋ ವರಸೆ ತನ್ನದು, ರಚನೆಯಲ್ಲಿ ತಾನೂ ಪಾಲುಗಾರ ಎಂದು ಸ್ಟ್ರಾಂಗ್ ಹೇಳುತ್ತ ಬಂದನು. 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಕೃತಿಸ್ವಾಮ್ಯ ಕಚೇರಿಯ ದಾಖಲೆಗಳನ್ನು ಬಿಚ್ಚಿಟ್ಟಾಗ ವಿಚಿತ್ರವೊಂದು ಕಂಡಿತು. 1959ರ ಮೊದಲ ನೋಂದಣಿಯಲ್ಲಿ ಸ್ಟ್ರಾಂಗನ ಹೆಸರಿದ್ದಿತು. ಮೂರು ವರ್ಷಗಳ ತರುವಾಯ ಅದನ್ನು ಹೊಡೆದುಹಾಕಲಾಗಿದ್ದಿತು. 1987ರಲ್ಲಿ ಕೃತಿಸ್ವಾಮ್ಯವನ್ನು ನವೀಕರಿಸುವಾಗ ಹೆಸರು ಮರಳಿ ಬಂದಿತು. ಮರುವರ್ಷವೇ ಮತ್ತೆ ಹೋಯಿತು. ಮೊದಲು ಸೇರಿದ್ದೇ ಕಾರಕೂನರ ಕೈತಪ್ಪಿನಿಂದ ಎಂಬುದು ಗಾರ್ಡಿಯ ಕಡೆಯವರ ವಾದ. ಇರಬಹುದು. ಆದರೆ ಒಂದೇ ಕೈತಪ್ಪು ಇಪ್ಪತ್ತೆಂಟು ವರ್ಷಗಳ ಅಂತರದಲ್ಲಿ ಎರಡು ಬಾರಿ ಒಬ್ಬನೇ ಮನುಷ್ಯನ ಹೆಸರಿನ ಮೇಲೆ ಬೀಳುವುದು ಸಾಧಾರಣ ಸಂಗತಿಯಲ್ಲ. ಹೆಸರು ಅಳಿಸಿಹೋದುದು ಸ್ಟ್ರಾಂಗನಿಗೆ ತಿಳಿದುಬಂದುದು 2010ರ ಸುಮಾರಿಗೆ, ಅಷ್ಟರಲ್ಲಿ ಕಾನೂನಿನ ಅವಧಿ ಮೀರಿಹೋಗಿದ್ದಿತು. ಆತ ಬರೆಯಲಾರದವನೇನೂ ಅಲ್ಲ. ನಾರ್ಮನ್ ವಿಟ್‌ಫೀಲ್ಡ್ ಎಂಬಾತನೊಡನೆ ಸೇರಿ ಮುಂದೆ ಅದೇ ಮೋಟೌನಿಗೆ ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’, ‘ವಾರ್’ ಮೊದಲಾದ ಹಾಡುಗಳನ್ನು ಕಟ್ಟಿದನು. ಅಲ್ಲೆಲ್ಲ ಕಂಸದೊಳಗೆ ಅವನ ಹೆಸರು ಭದ್ರವಾಗಿದೆ. 2023ರ ಜನವರಿಯಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಆತ ತೀರಿಕೊಂಡನು. ‘ಹಣ’ ಎಂಬ ಹಾಡಿನಿಂದಲೇ ಹಣ ಬಾರದೆ ಹೋದುದನ್ನು ಕಥೆಗಾರ ಬರೆದಿದ್ದರೆ ಓದುಗರು ಕೃತಕವೆಂದು ಮೂಗುಮುರಿಯುತ್ತಿದ್ದರೇನೋ.

ಬಾಬಿ ಪಾರ್ಕರನ ‘ವಾಚ್ ಯುವರ್ ಸ್ಟೆಪ್’ ತಟ್ಟೆಯದು ಬೇರೆ ಬಗೆಯ ಪ್ರಕರಣ. 1961ರ ಈ ಹಾಡಿನಲ್ಲಿ ಗಿಟಾರಿನ ಪುಟ್ಟ ಸ್ವರಗುಚ್ಛವೊಂದು ಗಾಣದ ಎತ್ತಿನಂತೆ ಸುತ್ತುತ್ತದೆ. 1964ರ ಬೀಟಲ್ಸ್ ಹಾಡು ‘ಐ ಫೀಲ್ ಫೈನ್’ ಕೇಳಿದವರಿಗೆ ಅದರ ನೆನಪಾಗದಿರದು. ಎಲ್ಲಿಂದ ತೆಗೆದುಕೊಂಡೆನೆಂಬುದನ್ನು ಲೆನನ್ ಮುಚ್ಚಿಟ್ಟವನಲ್ಲ; ಬಾಯಿಬಿಟ್ಟು ಒಪ್ಪಿಕೊಂಡಿದ್ದನು. ತಟ್ಟೆಯ ಮೇಲೆ ಮಾತ್ರ ಎಂದಿನಂತೆ ಲೆನನ್, ಮ್ಯಾಕಾರ್ಟ್ನಿ. ಇದನ್ನು ಕಳವೆನ್ನುವುದು ದುಡುಕು. ಪಾರ್ಕರನೇ ಆ ಗುಚ್ಛವನ್ನು ಡಿಜಿ ಗಿಲೆಸ್ಪಿಯ ‘ಮಾಂಟೆಕಾ’ ಎಂಬ 1947ರ ಜಾಸ್ ಕೃತಿಯಿಂದ ಹೊರಡಿಸಿದುದಾಗಿ ಹೇಳಿದ್ದಾನೆ. ಸಂಗೀತ ಹೀಗೆಯೇ ಕೈಯಿಂದ ಕೈಗೆ ನಡೆಯುವುದು, ನಡೆಯಲೂಬೇಕು. ಆದರೆ ಒಂದು ಕೈಗೆ ಅರಮನೆಯೂ ಇನ್ನೊಂದಕ್ಕೆ ರಾತ್ರಿಯೂಟದ ಶಾಲೆಗಳಲ್ಲಿ ನುಡಿಸುವ ಕೆಲಸವೂ ಬಂದುದು ಏಕೆಂದು ಕೇಳುವವರಿಗೆ ಸ್ವರಶಾಸ್ತ್ರದಲ್ಲಿ ಉತ್ತರವಿಲ್ಲ. ಪಾರ್ಕರನ ಹೆಸರಿನ ಮೊದಲ ದೊಡ್ಡ ತಟ್ಟೆ ಹೊರಬಂದುದು 1993ರಲ್ಲಿ, ‘ವಾಚ್ ಯುವರ್ ಸ್ಟೆಪ್’ ಬಂದು ಮೂವತ್ತೆರಡು ವರ್ಷಗಳ ಮೇಲೆ.

ಫಾಂಟೆಲ್ಲಾ ಬಾಸ್ ಹಾಡಿದ ‘ರೆಸ್ಕ್ಯೂ ಮಿ’, ‘ನನ್ನನ್ನು ಪಾರುಮಾಡು’, 1965ರಲ್ಲಿ ಷಿಕಾಗೋದ ಚೆಸ್ ಸ್ಟುಡಿಯೋದಲ್ಲಿ ಮುದ್ರಣವಾಗಿ ಲಕ್ಷಗಟ್ಟಲೆ ಮಾರಾಟವಾಯಿತು. ರಚನೆಯಲ್ಲಿ ತನ್ನ ಕೈಯೂ ಇದೆಯೆಂದು ಆಕೆ ಹೇಳುತ್ತಿದ್ದಳು. ಕಂಸದೊಳಗಿದ್ದುದು ಬೇರೆ ಇಬ್ಬರು. ಮೊದಲ ರಾಯಲ್ಟಿಯ ಚೆಕ್ಕು 11,000 ಡಾಲರಿನದು. ಮಾರಾಟಕ್ಕೆ ಹೋಲಿಸಿದರೆ ಅದು ಎಷ್ಟು ಅಲ್ಪವೆಂದು ಕಂಡು, ಅಲ್ಲಿಯೇ ಹರಿದು ಮೇಜಿನಾಚೆಗೆ ಎಸೆದುದಾಗಿ ಆಕೆ ಹೇಳಿಕೊಂಡಿದ್ದಾಳೆ. ಎಸೆದುದರ ಫಲ ಸುಖಕರವಾಗಲಿಲ್ಲ. ಗಲಾಟೆಗಾರ್ತಿಯೆಂಬ ಹೆಸರು ಅಂಟಿಕೊಂಡಿತು. ಕಾಲ ಕಳೆದು 1990ರ ಹೊಸವರ್ಷದ ದಿನ, ಕೈ ಬರಿದಾಗಿ ಕುಳಿತಿದ್ದಾಗ, ದೂರದರ್ಶನದ ಜಾಹೀರಾತೊಂದರಲ್ಲಿ ತನ್ನದೇ ದನಿ ‘ಪಾರುಮಾಡು’ ಎಂದು ಕೂಗುವುದನ್ನು ಆಕೆ ಕೇಳಿದಳು. ಅನುಮತಿಯನ್ನು ಯಾರೂ ಕೇಳಿರಲಿಲ್ಲ. ದಾವೆ ಹೂಡಿದಳು, 1993ರಲ್ಲಿ 50,000 ಡಾಲರನ್ನೂ ಅದರ ಮೇಲೆ ದಂಡವನ್ನೂ ಪಡೆದಳು. 2012ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಳು.

ಎಲ್ಲವೂ ಅನ್ಯಾಯದ ಕಥೆಯೇ ಎಂದರೆ ಪೆಟ್ಟಿಗೆಗೆ ಅನ್ಯಾಯವಾದೀತು. ಅದರಲ್ಲಿ ‘ದ ಟ್ರ್ಯಾಕ್ಸ್ ಆಫ್ ಮೈ ಟಿಯರ್ಸ್’ ಕೂಡ ಇದ್ದಿತು. ನಗುಮುಖದ ಮೇಲೆ ಉಳಿದ ಕಂಬನಿಯ ಜಾಡನ್ನು ಕುರಿತ, ‘ಮಿರಕಲ್ಸ್’ ತಂಡದ 1965ರ ಹಾಡು. ಮೊದಲು ಕೇಳುವುದು ಮಾರ್ವ್ ಟಾರ್ಪ್ಲಿನ್ ಎಂಬಾತನ ಗಿಟಾರು. ಹ್ಯಾರಿ ಬೆಲಫಾಂಟೆ ಹಾಡಿದ ಬಾಳೆಹಣ್ಣಿನ ದೋಣಿಯ ಹಾಡನ್ನು ನಿಧಾನಗೊಳಿಸಿ ನುಡಿಸುತ್ತಿರುವಾಗ ಆ ವರಸೆ ಹೊಳೆಯಿತಂತೆ. ಟಾರ್ಪ್ಲಿನ್ ಮಿತಭಾಷಿ. ಅವನ ಗಿಟಾರಿನ ಮೇಲೆ ಮಾತುಗಳನ್ನು ಕಟ್ಟಿದ ಸ್ಮೋಕಿ ರಾಬಿನ್ಸನ್ ಅವನ ಹೆಸರನ್ನು ಕಂಸದೊಳಗೆ ತನ್ನ ಹೆಸರಿನ ಜೊತೆಗೆ ಸೇರಿಸಿದನು. ಅದೇ ಊರು, ಅದೇ ಸಂಸ್ಥೆ. ಬೇಕೆಂದರೆ ಆಗದ ಕೆಲಸವಾಗಿರಲಿಲ್ಲ.

ಇನ್ನು ಪೆಟ್ಟಿಗೆಯ ಒಡೆಯನ ಸಂಗತಿ. 1969ರ ‘ಕಮ್ ಟುಗೆದರ್’ ಹಾಡಿನಲ್ಲಿ ಚಕ್ ಬೆರಿಯ 1956ರ ಹಾಡೊಂದರ ಸಾಲಿನ ಛಾಯೆಯಿದ್ದಿತು. ತಕರಾರು ತಂದವನು ಬೆರಿಯಲ್ಲ. ಆ ಹಾಡಿನ ಪ್ರಕಾಶನದ ಹಕ್ಕನ್ನು ಹೊಂದಿದ್ದ ಮಾರಿಸ್ ಲೆವಿ ಎಂಬ ವ್ಯಾಪಾರಿ. 1973ರಲ್ಲಿ ರಾಜಿಯಾಯಿತು: ಲೆವಿಯ ಒಡೆತನದ ಮೂರು ಹಾಡುಗಳನ್ನು ಲೆನನ್ ಮುಂದಿನ ತಟ್ಟೆಯಲ್ಲಿ ಹಾಡಬೇಕು. ಹೀಗೆ ವ್ಯಾಜ್ಯದ ಕಟ್ಟಳೆಯಿಂದ ಹೊರಟ ಕೆಲಸ, ಮೂವತ್ತಮೂರರ ಲೆನನ್ ತನ್ನ ಹದಿಹರೆಯದ ತಟ್ಟೆಗಳನ್ನು ಮತ್ತೊಮ್ಮೆ ತೆಗೆದು ನೋಡಲು ನೆಪವಾಯಿತು. 1975ರಲ್ಲಿ ಹೊರಬಂದ ‘ರಾಕ್ ಅಂಡ್ ರೋಲ್’ ಎಂಬ ಆ ಸಂಗ್ರಹದಲ್ಲಿ ಲಿಟ್ಲ್ ರಿಚರ್ಡ್, ಲ್ಯಾರಿ ವಿಲಿಯಮ್ಸ್, ಚಕ್ ಬೆರಿ ಎಲ್ಲರೂ ಇದ್ದಾರೆ.

ಅದರ ಮೊದಲ ಹಾಡು ಜೀನ್ ವಿನ್ಸೆಂಟನ ‘ಬಿ-ಬಾಪ್-ಎ-ಲೂಲಾ’. ಪೆಟ್ಟಿಗೆಯ ಪಟ್ಟಿಯಲ್ಲೂ ಅದಿದ್ದಿತು. 1957ರ ಜುಲೈ ತಿಂಗಳಲ್ಲಿ, ಲಿವರ್‌ಪೂಲಿನ ಇಗರ್ಜಿಯೊಂದರ ಜಾತ್ರೆಯಲ್ಲಿ ತಾನು ಪಾಲ್ ಮ್ಯಾಕಾರ್ಟ್ನಿಯನ್ನು ಮೊದಲು ಕಂಡ ದಿನ ವೇದಿಕೆಯ ಮೇಲೆ ಹಾಡಿದ್ದು ಇದನ್ನೇ ಎಂದು ಲೆನನ್ ನೆನೆಯುತ್ತಿದ್ದನು. ಹಾಡು ಹುಟ್ಟಿದುದು 1955ರಲ್ಲಿ, ವರ್ಜೀನಿಯಾದ ಪೋರ್ಟ್ಸ್‌ಮತ್ ಊರಿನ ನೌಕಾಪಡೆಯ ಆಸ್ಪತ್ರೆಯಲ್ಲಿ. ಕಾಲು ಮುರಿದುಕೊಂಡು ಮಲಗಿದ್ದ ವಿನ್ಸೆಂಟನೂ ಅಲ್ಲಿಯೇ ಇದ್ದ ಡೊನಾಲ್ಡ್ ಗ್ರೇವ್ಸ್ ಎಂಬ ಇನ್ನೊಬ್ಬ ರೋಗಿಯೂ ಹೊತ್ತುಹೋಗದೆ ಕಟ್ಟಿದುದು ಎಂದು ಹೇಳುತ್ತಾರೆ. ಗ್ರೇವ್ಸನ ಪಾಲನ್ನು ವಿನ್ಸೆಂಟನ ವ್ಯವಸ್ಥಾಪಕ ಟೆಕ್ಸ್ ಡೇವಿಸ್ ಅಲ್ಪ ಹಣಕ್ಕೆ ಕೊಂಡುಕೊಂಡನಂತೆ. ಲೆನನ್ನನ ತಟ್ಟೆಯಲ್ಲೂ ಈ ಹಾಡಿನ ರಚನೆಕಾರರು ಇಬ್ಬರೇ: ವಿನ್ಸೆಂಟ್, ಡೇವಿಸ್.