ಅಜ್ಜಿ ಬರೆದ ಪುಟ

ಮಡಿಕೇರಿಯಲ್ಲಿ ಈಗ ಕಕ್ಕಡದ ಮಳೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುತ್ತಿಲ್ಲ. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮೊನ್ನೆ ಮದ್ದುಸೊಪ್ಪಿನ ಪಾಯಸ ಉಂಡಾಯಿತು. ಇಂಥ ಮಳೆಯಲ್ಲಿ ಮನೆಯೊಳಗೆ ಕುಳಿತು ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಪ್ರವಾಸದ ಯೋಜನೆ ಹಾಕುವುದು. ನಾನೂ ಏಳನೇ ತರಗತಿಯ ನನ್ನ ಮೊಮ್ಮಗಳೂ ಒಂದು ತಿಂಗಳಿಂದ ಅದನ್ನೇ ಮಾಡುತ್ತಿದ್ದೇವೆ.

ಇದು ಶುರುವಾದದ್ದು ಕಳೆದ ಜನವರಿಯಲ್ಲಿ. ನಂಜನಗೂಡಿನ ಕಡೆ ಒಂದು ಮದುವೆಗೆ ಹೋದವರು ಹಾಗೆಯೇ ಹದಿನಾರು ಕೆರೆಗೂ ಹೋಗಿದ್ದೆವು. ಕೆರೆಯ ಅಂಚಿನಲ್ಲಿ ಬೂದು ಬಣ್ಣದ ದೊಡ್ಡ ಬಾತುಗಳ ಹಿಂಡು. ಬಿಳಿಯ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಪಟ್ಟೆತಲೆ ಹೆಬ್ಬಾತು ಎಂದು ಹೆಸರು. ಚಳಿಗಾಲ ಕಳೆಯಲು ಹಿಮಾಲಯ ದಾಟಿ ಬರುವ ಹಕ್ಕಿ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡದ್ದುಂಟು.

"ಅಜ್ಜ, ಇವುಗಳ ಮನೆ ಎಲ್ಲಿ?"

"ಕೆಲವದ್ದು ಮಂಗೋಲಿಯಾ, ಕೆಲವದ್ದು ಟಿಬೆಟ್. ನಮ್ಮ ಲಡಾಖಿನ ಕೆರೆಗಳಲ್ಲೂ ಮರಿ ಮಾಡುತ್ತವೆ."

"ಅವು ವರ್ಷ ವರ್ಷ ನಮ್ಮಲ್ಲಿಗೆ ಬರ್ತವೆ. ನಾವು ಒಂದು ಸಲವೂ ಹೋಗಿಲ್ಲವಲ್ಲ!"

ನೆಂಟರ ವಿಷಯದಲ್ಲಿ ಇದು ನ್ಯಾಯವಾದ ಮಾತು. ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಬಂದವನೇ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ "ಲಡಾಖ್" ಎಂದು ಬರೆದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ಅಭ್ಯಾಸ, ಏನಿದ್ದರೂ ಗೆರೆ ಹಾಕಿ ಎರಡು ಕಾಲಂ ಮಾಡಬೇಕು.

ಮಗ ನೋಡಿ ನಕ್ಕ. "ಅಪ್ಪಾ, ಇಷ್ಟೆಲ್ಲ ಯಾಕೆ? ಟೂರಿನವರಿಗೆ ದುಡ್ಡು ಕಟ್ಟಿದರೆ ಆಯಿತು. ವಿಮಾನದಲ್ಲಿ ಲೇಹ್‌ಗೆ ಇಳಿಸ್ತಾರೆ, ಐದು ದಿನದಲ್ಲಿ ಎಲ್ಲ ತೋರಿಸಿ ವಾಪಸ್ ಕಳಿಸ್ತಾರೆ."

ಆ ಐದು ದಿನಗಳೇ ನನಗೆ ಹಿಡಿಸದ ಸಂಗತಿ. ಮಕ್ಕಳೇ, ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್, 1,748 ಮೀಟರ್. ಅದರ ತಲೆಯ ಮೇಲೆ ಇನ್ನೊಂದು ತಡಿಯಂಡಮೋಳ್ ಇಟ್ಟರೆ ಎಷ್ಟಾಯಿತು? ಸುಮಾರು 3,500 ಮೀಟರ್. ಲೇಹ್ ಪಟ್ಟಣ ಇರುವುದು ಅಲ್ಲಿ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು ಮಾತ್ರ. ಗಾಳಿ ಅದೇ, ಆದರೆ ತೆಳು.

ಹೆಬ್ಬಾತಿಗೆ ಇದು ಕಷ್ಟವಲ್ಲ. ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುವ ಗುಣ ಅದರ ರಕ್ತಕ್ಕಿದೆ. ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ನಮ್ಮ ದೇಹವೂ ಎತ್ತರಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಬಿಡುವು ಕೊಡದೆ ಮೇಲೆ ಹೋದರೆ ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಗಟ್ಟಿಮುಟ್ಟಾದ ಹುಡುಗರಿಗೂ ಆಗುತ್ತದೆ. ಅದನ್ನು ಲೆಕ್ಕಿಸದೆ ಇನ್ನೂ ಏರಿದರೆ ಪ್ರಾಣಕ್ಕೇ ಅಪಾಯ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. 1988ರಲ್ಲಿ ಬ್ಯಾಂಕಿನ ಎಲ್‌ಎಫ್‌ಸಿ ಸಿಕ್ಕಿ ಸಂಸಾರ ಸಮೇತ ಮನಾಲಿಗೆ ಹೋಗಿದ್ದೆ. ಮನಾಲಿ ಸುಮಾರು 2,050 ಮೀಟರ್. ತಲುಪಿದ ಮರುದಿನ ಬೆಳಿಗ್ಗೆಯೇ ಜೀಪು ಮಾಡಿಕೊಂಡು ರೋಹ್ತಾಂಗ್ ಘಾಟಿಗೆ ಹೊರಟೆವು. ಅದು 3,978 ಮೀಟರ್. ಅರ್ಧ ದಾರಿ ಏರುವಷ್ಟರಲ್ಲಿ ಮನೆಯವಳು ತಲೆ ಸಿಡಿಯುತ್ತಿದೆ ಎಂದಳು. ಇನ್ನೂ ಮೇಲೆ ಹೋದಾಗ ವಾಂತಿ. ವಾಪಸ್ ಹೋಗೋಣ ಎಂದಳು. ನಾನು ಏನು ಹೇಳಿದೆ ಗೊತ್ತೇ? "ಇಷ್ಟು ದೂರ ದುಡ್ಡು ಸುರಿದು ಬಂದಿದ್ದೇವೆ, ಸ್ವಲ್ಪ ತಡೆದುಕೋ." ಅವಳು ತಡೆದುಕೊಂಡಳು. ನಾನು ಹತ್ತು ನಿಮಿಷ ಹಿಮ ಮುಟ್ಟಿ ಫೋಟೋ ತೆಗೆಸಿಕೊಂಡೆ. ಅವಳು ಜೀಪಿನ ಹಿಂದಿನ ಸೀಟಿನಲ್ಲಿ ಸೆರಗಿನಿಂದ ತಲೆ ಕಟ್ಟಿಕೊಂಡು ಮಲಗಿದ್ದಳು. ಕೆಳಗೆ ಇಳಿದ ಮೇಲೆ ಸರಿಹೋಯಿತು. ಅದು ನಮ್ಮ ಅದೃಷ್ಟ. ನನ್ನ ಬುದ್ಧಿವಂತಿಕೆಯಲ್ಲ.

ಈ ಕಥೆಯನ್ನು ನಾನು ಮಗನಿಗೆ ಎಂದೂ ಹೇಳಿರಲಿಲ್ಲ. ಈಗ ಹೇಳಿದೆ. ಅವನು ಸುಮ್ಮನೆ ಕೇಳಿ, "ನನಗೆ ನೆನಪಿದೆ ಅಪ್ಪಾ. ಅಮ್ಮ ಅಳ್ತಿದ್ದರು, ನಾನು ಪಕ್ಕದಲ್ಲೇ ಇದ್ದೆ" ಎಂದ. ಅವನಿಗೆ ಆಗ ಎಂಟು ವರ್ಷ. ಆಮೇಲೆ ಟೂರಿನವರ ಮಾತು ಅವನು ಎತ್ತಲಿಲ್ಲ.

ಹಾಗಾಗಿ ನೋಟ್‌ಬುಕ್ಕಿನ ಎರಡನೇ ಪುಟ ಊರುಗಳದ್ದಲ್ಲ, ಡಾಕ್ಟರದ್ದು. ನನಗೆ ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ಇದೆ. ಇಬ್ಬರೂ ಹೋಗಿ ಇಸಿಜಿ, ರಕ್ತಪರೀಕ್ಷೆ ಎಲ್ಲ ಮಾಡಿಸಿಕೊಂಡೆವು. ಡಾಕ್ಟರು ಹೋಗಬೇಡಿ ಎನ್ನಲಿಲ್ಲ. ನಿಧಾನವಾಗಿ ಹೋಗಿ, ಹಗಲು ಎಷ್ಟೇ ಮೇಲೆ ಹೋದರೂ ರಾತ್ರಿ ಕೆಳಗೆ ಬಂದು ಮಲಗಿ, ಹೊರಡುವ ಮುನ್ನ ಇನ್ನೊಮ್ಮೆ ಬಂದು ತೋರಿಸಿ ಎಂದರು. ಎತ್ತರದ ಕಾಯಿಲೆಗೆ ಮಾತ್ರೆಗಳಿವೆ, ಆದರೆ ಅಂಗಡಿಯಲ್ಲಿ ಕೇಳಿ ನುಂಗುವಂಥವಲ್ಲ ಎಂದೂ ಹೇಳಿದರು.

ಮೂರನೇ ಪುಟದಲ್ಲಿ ಜಗಳ. ನನಗೆ ಹೆಬ್ಬಾತಿನ ಕೆರೆಯೂ ಬೇಕು, ಹಿಮನದಿಯೂ ಬೇಕು. ಕೆರೆಗಳು ಲೇಹ್‌ನಿಂದಲೂ ಆಚೆ, ಸುಮಾರು 4,500 ಮೀಟರ್ ಎತ್ತರದಲ್ಲಿವೆ. ಹಿಮನದಿ ಇರುವುದು ಇನ್ನೊಂದು ದಿಕ್ಕಿಗೆ, ಕಾರ್ಗಿಲ್‌ನಿಂದ ಜಂಸ್ಕಾರಿಗೆ ಹೋಗುವ ದಾರಿಯಲ್ಲಿ. ಎರಡೂ ನೋಡಲು ಹೊರಟರೆ ದಸರಾ ರಜೆ ಸಾಲದು, ನನ್ನ ಎದೆಯೂ ಸಾಲದು. ಮೊಮ್ಮಗಳು ಪೆನ್ಸಿಲ್ ಕಚ್ಚುತ್ತಾ ಕುಳಿತವಳು ತೀರ್ಪು ಕೊಟ್ಟಳು: "ಹೆಬ್ಬಾತು ಜನವರಿಗೆ ಅದೇ ಬರ್ತದೆ ಅಜ್ಜ. ಹಿಮನದಿ ಬರ್ತದಾ?"

ಕೆರೆಗೆ ಅಡ್ಡಗೆರೆ ಬಿತ್ತು.

ನಾವು ಆರಿಸಿದ ಹಿಮನದಿಯ ಹೆಸರು ದ್ರಂಗ್ ದ್ರುಂಗ್. ಉದ್ದ ಸುಮಾರು 23 ಕಿಲೋಮೀಟರ್, ಎಂದರೆ ಮಡಿಕೇರಿಯಿಂದ ಹೊರಟು ಸುಂಟಿಕೊಪ್ಪ ದಾಟಿ ಮುಂದೆ ಹೋದಷ್ಟು. ಅಷ್ಟುದ್ದವೂ ಮಂಜುಗಡ್ಡೆ! ಸುಮಾರು 4,400 ಮೀಟರ್ ಎತ್ತರದ ಪೆನ್ಸಿ ಲಾ ಘಾಟಿಯ ರಸ್ತೆಯಲ್ಲಿ ನಿಂತರೆ ಎದುರಿಗೇ ಕಾಣುತ್ತದೆ. ಮುದುಕರು ಹತ್ತಬೇಕಾದ್ದಿಲ್ಲ. ಅದಕ್ಕೇ ಆರಿಸಿದ್ದು.

ಹಿಮ ನಿಂತಲ್ಲೇ ಇದ್ದರೆ ಅದು ನದಿ ಹೇಗೆ ಎಂದು ನನ್ನ ಮೊಮ್ಮಗಳೂ ಕೇಳಿದಳು. ಮೇಲೆ ವರ್ಷ ವರ್ಷ ಹಿಮ ಬೀಳುತ್ತದೆ. ಹೊಸತು ಹಳತರ ಮೇಲೆ ಕೂತು ಒತ್ತಿ ಒತ್ತಿ ಗಟ್ಟಿ ಗಡ್ಡೆಯಾಗುತ್ತದೆ. ಆ ಗಡ್ಡೆ ತನ್ನ ಭಾರಕ್ಕೆ ತಾನೇ ಕಣಿವೆಯಲ್ಲಿ ಬಹಳ ಮೆಲ್ಲಗೆ ಕೆಳಗೆ ಜರುಗುತ್ತದೆ. ಕೆಳ ತುದಿಯಲ್ಲಿ ಕರಗಿ ನೀರಾಗುತ್ತದೆ. ದ್ರಂಗ್ ದ್ರುಂಗ್ ಕರಗಿದ ನೀರು ಸ್ತೋದ್ ನದಿಯಾಗಿ, ಆಮೇಲೆ ಜಂಸ್ಕಾರ್ ನದಿಯಾಗಿ, ನಿಮ್ಮು ಎಂಬಲ್ಲಿ ಸಿಂಧೂ ನದಿಯನ್ನು ಸೇರುತ್ತದೆ. ನಮ್ಮ ಕಾವೇರಿಯನ್ನು ತುಂಬಿಸುವುದು ಈ ಕಕ್ಕಡದ ಮಳೆ. ಆ ನದಿಯನ್ನು ಸಾಕುವುದು ಹಿಮ.

ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಬೀಳುವ ಹಿಮ ಜಮಾ, ಕರಗುವ ನೀರು ಖರ್ಚು. ಭೂಮಿ ಬಿಸಿಯಾಗುತ್ತಿರುವುದರಿಂದ ಈಗ ಜಮಾಕ್ಕಿಂತ ಖರ್ಚೇ ಹೆಚ್ಚು. ಹಿಮನದಿಯ ತುದಿ ಹಿಂದೆ ಸರಿಯುತ್ತಿದೆ, ಅದರ ಮುಂದೆ ಕರಗಿದ ನೀರಿನ ಕೆರೆಯೊಂದು ಬೆಳೆದಿದೆ. ನನ್ನ ಮೊಮ್ಮಗಳು ಅಜ್ಜಿಯಾಗುವ ಹೊತ್ತಿಗೆ ಅದು ಇನ್ನಷ್ಟು ಕಿರಿದಾಗಿರುತ್ತದೆ. ಈಗಲೇ ತೋರಿಸಬೇಕೆಂಬ ಹಟ ನನಗಿರುವುದು ಇದಕ್ಕಾಗಿ.

ಈಗ ದಾರಿ. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ರೈಲಿನಲ್ಲಿ ಎರಡು ರಾತ್ರಿ ಕಳೆದು ದೆಹಲಿ, ಆಮೇಲೆ ಕಟ್ರಾ. ಕಟ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಲ್ಲಿ ರೈಲು ಶುರುವಾಗಿದೆ. ಅದು ಚಿನಾಬ್ ನದಿಯನ್ನು 359 ಮೀಟರ್ ಎತ್ತರದ ಸೇತುವೆಯ ಮೇಲೆ ದಾಟುತ್ತದೆ. ಕಿಟಕಿ ಸೀಟು ಯಾರಿಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಶ್ರೀನಗರ ಸುಮಾರು 1,585 ಮೀಟರ್, ಅಲ್ಲಿ ಎರಡು ರಾತ್ರಿ. ಸೋನಮಾರ್ಗ್ ಸುಮಾರು 2,700, ಅಲ್ಲಿ ಒಂದು ರಾತ್ರಿ. ಮರುದಿನ 3,528 ಮೀಟರಿನ ಜೋಜಿ ಲಾ ಏರಿ ದಾಟಿ, 2,676 ಮೀಟರಿನ ಕಾರ್ಗಿಲ್‌ಗೆ ಇಳಿದು ಎರಡು ರಾತ್ರಿ. ಆಮೇಲೆ ಸುರು ಕಣಿವೆಯ ಹಳ್ಳಿಯೊಂದರಲ್ಲಿ ತಂಗಿ, ಬೆಳಿಗ್ಗೆ ಬೇಗ ಪೆನ್ಸಿ ಲಾಕ್ಕೆ ಹೋಗಿ, ಹಿಮನದಿ ನೋಡಿ, ಅದೇ ದಿನ ಕೆಳಗೆ ಬರುವುದು. ವಾಪಸ್ ಶ್ರೀನಗರದಿಂದ ವಿಮಾನ. ಹೊರಡುವ ವಾರ ರಸ್ತೆಯ ಸ್ಥಿತಿ, ಊರಿನ ಪರಿಸ್ಥಿತಿ ಎರಡನ್ನೂ ವಿಚಾರಿಸಬೇಕು. ಒಟ್ಟು ಖರ್ಚಿನ ಕಾಲುಭಾಗದಷ್ಟು ಹಣ ತುರ್ತಿಗೆಂದು ಬೇರೆಯೇ ಇಟ್ಟಿದ್ದೇನೆ.

ಪ್ರಾಣಿಗಳದ್ದೂ ಎರಡು ಕಾಲಂ. ಕಾಣಬಹುದಾದವು: ಬಂಡೆಗಳ ಮೇಲೆ ಐಬೆಕ್ಸ್ ಎಂಬ ಕಾಡುಮೇಕೆ, ಅದೃಷ್ಟವಿದ್ದರೆ ದೂರದಲ್ಲಿ ಕಂದು ಕರಡಿ. ದ್ರಾಸ್ ಮತ್ತು ಸುರು ಕಣಿವೆಗಳು ಅದರ ಸೀಮೆ. ಕಾಣದಿರಬಹುದಾದವು: ಅಳಿಲಿನ ದೊಡ್ಡಣ್ಣನಂಥ ಮಾರ್ಮಟ್, ಏಕೆಂದರೆ ದಸರಾ ಹೊತ್ತಿಗೆ ಅದು ಬಿಲ ಸೇರಿ ಚಳಿಗಾಲದ ನಿದ್ದೆಗೆ ಬಿದ್ದಿರುತ್ತದೆ. ಹಿಮಚಿರತೆಯ ಆಸೆಯನ್ನಂತೂ ಬಿಟ್ಟಿದ್ದೇವೆ. ಬೈನಾಕ್ಯುಲರ್ ಇದೆ, ಹತ್ತಿರ ಹೋಗುವುದಿಲ್ಲ, ಬಿಸ್ಕತ್ತು ಎಸೆಯುವುದಿಲ್ಲ. ಆನೆಯ ದಾರಿಗೆ ಅಡ್ಡ ನಿಲ್ಲಬಾರದೆಂದು ಕೊಡಗಿನ ಮಕ್ಕಳಿಗೆ ಹೇಳಿಕೊಡಬೇಕೇ? ಅದೇ ನಿಯಮ ಕರಡಿಗೂ.

ಇಷ್ಟೆಲ್ಲ ಆದರೂ ಒಬ್ಬರು ಒಪ್ಪಿರಲಿಲ್ಲ. "ನೀವು ಹೋಗಿ ಬನ್ನಿ. ನನಗೆ ರೋಹ್ತಾಂಗ್ ಸಾಕಾಗಿದೆ" ಎಂದು ಅಜ್ಜಿ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಒಂದು ಸಂಜೆ ನಾನು ಜೋಜಿ ಲಾದ ಕಥೆ ಹೇಳುತ್ತಿದ್ದೆ. 1948ರಲ್ಲಿ ಅಲ್ಲಿ ನಮ್ಮ ಸೈನ್ಯವನ್ನು ನಡೆಸಿದವರು ಮಡಿಕೇರಿಯಲ್ಲೇ ಹುಟ್ಟಿದ ತಿಮ್ಮಯ್ಯನವರು. ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ. ಸೆಪ್ಟೆಂಬರಿನಲ್ಲಿ ನಡೆದ ದಾಳಿ ಫಲಿಸಲಿಲ್ಲ. ಆಮೇಲೆ ದಾರಿ ಮಾಡಿಸಿ, ಯಾರೂ ಎಣಿಸದ ಆ ಎತ್ತರಕ್ಕೆ ಟ್ಯಾಂಕುಗಳನ್ನು ತರಿಸಿ, ನವೆಂಬರ್ 1ರಂದು ಘಾಟಿಯನ್ನು ಗೆದ್ದರು.

ಅಜ್ಜಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಅಂಥ ಜನರಲ್ಲೇ ಒಮ್ಮೆ ಹಿಂದೆ ಬಂದು ಮತ್ತೆ ಹೋದದ್ದು. ನಿಮ್ಮ ಪುಸ್ತಕದಲ್ಲಿ ಹಿಂದೆ ಬರುವ ಪುಟ ಎಲ್ಲಿದೆ?"

ಇರಲಿಲ್ಲ. ಮೂವತ್ತು ಪುಟ ಬರೆದಿದ್ದೆ, ಎಲ್ಲವೂ ಮುಂದೆ ಹೋಗುವುದೇ. ನೋಟ್‌ಬುಕ್ಕನ್ನೂ ಪೆನ್ನನ್ನೂ ಅವಳ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಅವಳು ಬರೆದದ್ದು ಇಷ್ಟು:

1. ನಾಲ್ವರಲ್ಲಿ ಯಾರಿಗೆ ತಲೆನೋವು ಬಂದರೂ ಆ ದಿನ ಮೇಲೆ ಹೋಗುವುದಿಲ್ಲ. ಹೆಚ್ಚಾದರೆ ಆ ಕ್ಷಣವೇ ಕೆಳಗೆ.

2. ಪೆನ್ಸಿ ಲಾದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿದ್ದರೆ, ಇನ್ನೂ ಕೆಳಗೆ ಸುರು ಕಣಿವೆಯ ರಸ್ತೆಯಿಂದಲೇ ಕಾಣುವ ಪರ್ಕಾಚಿಕ್ ಹಿಮನದಿ ನೋಡಿ ತೃಪ್ತಿಪಡುವುದು.

3. ದುಡ್ಡು ಹೋಯಿತು ಎಂಬ ಮಾತು ಯಾರೂ ಆಡಬಾರದು.

ಮೊಮ್ಮಗಳು ಪೆನ್ನು ಕಿತ್ತುಕೊಂಡು ನಾಲ್ಕನೆಯದನ್ನು ಸೇರಿಸಿದಳು: "ತಲೆನೋವು ಎಂದವರ ಮೇಲೆ ರೇಗಬಾರದು." ನನ್ನ ಮುಖ ನೋಡಿಯೇ ಬರೆದಳು. ರೋಹ್ತಾಂಗ್ ಕಥೆ ಅವಳಿಗೂ ತಲುಪಿದೆ.

ಕೆಳಗೆ ನಾನು ಸಹಿ ಹಾಕಿದೆ. ಆಮೇಲೆ ಅಜ್ಜಿಯೂ ಹಾಕಿದಳು. "ಹಾಗಾದರೆ ನಾಲ್ಕು ಟಿಕೆಟ್ ಮಾಡಿಸಿ" ಎಂದು ಒಳಗೆ ಹೋದಳು.

ಮಕ್ಕಳೇ, ದಸರಾ ರಜೆಗೆ ನೀವೂ ಎಲ್ಲಿಗಾದರೂ ಹೊರಡುವವರಿದ್ದರೆ, ಹಿಮಾಲಯವೇ ಆಗಬೇಕೆಂದಿಲ್ಲ, ತಡಿಯಂಡಮೋಳ್ ಆದರೂ ಸರಿ, ಮನೆಯಲ್ಲಿ ಎಲ್ಲರೂ ಕೂತು ಇಂಥದ್ದೊಂದು ಪುಟ ಬರೆಯಿರಿ. ಬರೆಯುವ ಪೆನ್ನನ್ನು, ಹಿಂದೆ ಯಾವಾಗಲೋ "ಸಾಕು, ವಾಪಸ್ ಹೋಗೋಣ" ಎಂದು ಹೇಳಿಯೂ ಯಾರೂ ಕೇಳಿಸಿಕೊಳ್ಳದಿದ್ದವರ ಕೈಗೆ ಕೊಡಿ. ಅಂಥವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ಹೋಗಿ ಬಂದ ಮೇಲೆ ಏನು ಕಂಡೆವು, ಎಲ್ಲಿಂದ ವಾಪಸ್ ಬಂದೆವು, ಎರಡನ್ನೂ ಬರೆಯುತ್ತೇನೆ. ಮಳೆಯಲ್ಲಿ ನೆನೆಯದೆ ಶಾಲೆಗೆ ಹೋಗಿ ಬನ್ನಿ.