ಊರ ಹುಡೇವು

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳವರೆಗೆ ಹಬ್ಬಿದ ಸೀಮೆಯ ಹಳೆಯ ಹಳ್ಳಿಗಳಲ್ಲಿ ಗುಂಡನೆಯ ಕಾವಲುಗೋಪುರವೊಂದು ಅಲ್ಲಲ್ಲಿ ಕಾಣಸಿಗುತ್ತದೆ. ಜನರು ಅದನ್ನು ಹುಡೇವು ಎನ್ನುತ್ತಾರೆ. ಕಲ್ಲುಮಣ್ಣಿನ ದಪ್ಪ ಗೋಡೆ. ಮೇಲ್ಗಡೆ ಬಂದೂಕಿನ ನಳಿಗೆ ತೂರುವಷ್ಟು ಕಿಂಡಿಗಳು.

ವಿಜಯಪುರದ ಉಪ್ಪಲಿ ಬುರುಜಿನ ಹೆಸರು ಕೇಳದವರು ವಿರಳ. ಸುಮಾರು 1584ರಲ್ಲಿ ಹೈದರಖಾನನು ಕಟ್ಟಿಸಿದ ಆ ಬುರುಜು 80 ಅಡಿಗಳಷ್ಟು ಎತ್ತರವಾಗಿದೆ. ಅದಕ್ಕೆ ಕಟ್ಟಿಸಿದವನ ಹೆಸರುಂಟು, ನೋಡಬರುವ ಪ್ರವಾಸಿಗಳುಂಟು. ಹಳ್ಳಿಯ ಹುಡೇವಿಗೆ ಇವೆರಡೂ ಇಲ್ಲ. ಅಷ್ಟರಿಂದಲೇ ಅದನ್ನು ಕಲ್ಲಿನ ರಾಶಿಯೆಂದು ಎಣಿಸುವುದು ಅನ್ಯಾಯ. ಬುರುಜು ರಾಜಧಾನಿಯ ರಕ್ಷಣೆಗೆ ನಿಂತಿತು; ಹುಡೇವು ನಿಂತದ್ದು ಹೆಂಗಸರು ಮಕ್ಕಳಿಗಾಗಿ, ಹಗೇವಿನ ಜೋಳಕ್ಕಾಗಿ, ದನಕರುಗಳಿಗಾಗಿ.

ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆ ಮರಾಠರಿಗೂ ಮೈಸೂರಿಗೂ ನಡುವೆ ಸಿಕ್ಕಿ ನಲುಗಿತು. 1778ರ ವೇಳೆಗೆ ಹೈದರನ ಅಧಿಕಾರ ಕೃಷ್ಣೆಯವರೆಗೆ ಚಾಚಿತ್ತು. 1785ರಲ್ಲಿ ನರಗುಂದವು ಟಿಪ್ಪುವಿನ ವಶವಾಯಿತು. ದಂಡು ಯಾರದೇ ಆಗಲಿ, ತುಳಿತಕ್ಕೆ ಸಿಕ್ಕುತ್ತಿದ್ದುದು ರೈತನ ಬೆಳೆಯೇ. ದಂಡುಗಳ ಬೆನ್ನಿಗೆ ಪಿಂಡಾರಿಗಳ ಹಾವಳಿ ಬೇರೆ. ಕುದುರೆಯೇರಿ ಮಿಂಚಿನಂತೆ ಬಂದು ದೋಚಿಕೊಂಡು ಮಾಯವಾಗುವುದು ಅವರ ರೀತಿ. ಕೋಟೆಗಳನ್ನು ಒಡೆಯಬಲ್ಲ ತೋಪುಗಳು ಅವರಲ್ಲಿರಲಿಲ್ಲ. ಒಂದೇ ಊರಿಗೆ ಮುತ್ತಿಗೆ ಹಾಕಿ ಕುಳಿತುಕೊಳ್ಳುವ ವ್ಯವಧಾನವೂ ಇರಲಿಲ್ಲ. ಆದುದರಿಂದ ಹುಡೇವು ತಿಂಗಳುಗಟ್ಟಲೆ ತಡೆಯಬೇಕಾಗಿರಲಿಲ್ಲ. ಅರ್ಧ ದಿನ ತಡೆದರೂ ಊರು ಉಳಿಯುತ್ತಿತ್ತು! ಎರೆಹೊಲದ ಬಯಲಿನಲ್ಲಿ ಕುದುರೆಗಳ ಧೂಳು ಎಷ್ಟೋ ದೂರದಿಂದಲೇ ಕಾಣುವುದಷ್ಟೆ. ಆ ಧೂಳನ್ನು ಮೊದಲು ಕಂಡ ಕಾವಲುಗಾರನ ಕಣ್ಣಿನ ಮೇಲೆ ಇಡೀ ಊರಿನ ಪ್ರಾಣ ನಿಂತಿರುತ್ತಿತ್ತು.

1817-18ರ ಯುದ್ಧದಲ್ಲಿ ಪಿಂಡಾರಿಗಳು ಅಡಗಿದರು; ಧಾರವಾಡ ಸೀಮೆ ಕಂಪನಿಯ ಕೈಸೇರಿತು. ಅಲ್ಲಿಂದೀಚೆಗೆ ಹುಡೇವಿಗೆ ಕೆಲಸವಿಲ್ಲ. ಕೆಲಸವಿಲ್ಲದ ಗೋಡೆಯ ಕಲ್ಲು ಮನೆ ಕಟ್ಟುವವನ ಕಣ್ಣಿಗೆ ಬೀಳದಿರುತ್ತದೆಯೆ?

ಶಿಥಿಲವಾದ ಗೋಡೆ ಮಕ್ಕಳ ಮೇಲೆ ಬಿದ್ದೀತೆಂದು ಕೆಡವಬಯಸುವವರ ಭಯ ಸುಳ್ಳಲ್ಲ. ಆದರೆ ಕೆಡವುವುದೊಂದೇ ಅದಕ್ಕೆ ಮದ್ದಲ್ಲ. ನೆತ್ತಿಯ ಮೇಲೆ ಮಳೆನೀರು ನಿಲ್ಲದಂತೆ ಮಾಡಿ, ಸಂದಿನಲ್ಲಿ ಬೇರುಬಿಟ್ಟ ಅರಳಿಯ ಸಸಿಗಳನ್ನು ಎಳೆಯವಾಗಿರುವಾಗಲೇ ತೆಗೆದು, ಸಡಿಲಿದ ಕಲ್ಲುಗಳನ್ನು ಗಾರೆಯಿಂದ ಕೂಡಿಸಿದರೆ ಗೋಡೆ ಇನ್ನೂ ಎಷ್ಟೋ ಮಳೆಗಾಲಗಳನ್ನು ಕಾಣಬಲ್ಲುದು. ರಾಜ್ಯದ ಪ್ರಾಚೀನ ಸ್ಮಾರಕಗಳಿಗೆ ರಕ್ಷಣೆ ಕೊಡುವ ಕಾಯಿದೆ 1961ರಿಂದಲೇ ಉಂಟು. ಊರವರು ಕೇಳಬೇಕು, ಅಷ್ಟೆ. ಕೇಳುವ ಮುನ್ನ ಅದರ ಎತ್ತರ ಸುತ್ತಳತೆಗಳನ್ನು ಅಳೆದು ಬರೆದಿಡುವ ಕೆಲಸ ಶಾಲೆಯ ಹುಡುಗರಿಗೂ ಸಾಧ್ಯ.

ಈ ಭಾಗದಲ್ಲಿ ಹುಡೇದ ಎಂಬ ಅಡ್ಡಹೆಸರಿನ ಮನೆತನಗಳುಂಟು. ಗೋಪುರ ನೆಲಸಮವಾದ ಊರಿನಲ್ಲಿಯೂ ಶಾಲೆಯ ಹಾಜರಿ ಕೂಗುವಾಗ ಅದರ ಹೆಸರು ಕೇಳಿಬರಬಹುದು.